ನೆರಳುಮೈಗೆ ಹೊಂದದ ಮಗು

ಮದ್ದೂರು, ಇಸವಿ ೨೨೧೯, ಮೂರನೆಯ ಬೇಸಿಗೆ

ಸಿದ್ಧ ಉಡುಪು ಕಾರ್ಖಾನೆಯ ಹಿರಿಯರಿಗೆ,

ನಿಮ್ಮದೇ ಊರಿನ, ಎಷ್ಟೋ ತಲೆಮಾರು ಆಚೆಯ ಚಿಕ್ಕತಾಯಮ್ಮ ಬರೆಯುವುದು. ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ವರ್ಷಕ್ಕೆ ಮೂರು ಬೇಸಿಗೆ ಬರುವ ಕಾಲದಲ್ಲಿ ಭಾಷೆಯೂ ಒಣಗುತ್ತದೆ.

ಇಲ್ಲಿ ಹಗಲಾಗಲಿ ರಾತ್ರಿಯಾಗಲಿ, ಹೊಸಿಲು ದಾಟಲು ತಂಪುಡುಗೆ ಬೇಕು. ಬಿಸಿಯನ್ನು ತಡೆಯುವ ಈ ಬಟ್ಟೆ ಮೈಗೆ ಕೂದಲೆಳೆಯಷ್ಟೂ ಸಂದಿಲ್ಲದೆ ಅಂಟಿರಬೇಕು. ಅದನ್ನು ಕತ್ತರಿಸುವುದು ಯಂತ್ರ. ಯಂತ್ರದೊಳಗೆ ನೆರಳುಮೈಗಳಿವೆ, ಬಟ್ಟೆ ಹೊಲಿಯುವ ಮೊದಲೇ ತೊಡಿಸಿ ನೋಡಲೆಂದು ನೀವು ಪರದೆಯ ಮೇಲೆ ನಿಲ್ಲಿಸಿಕೊಂಡ ಗೊಂಬೆಗಳ ಸಂತತಿ ಅವು. ಅವುಗಳಲ್ಲೊಂದಕ್ಕೆ ನಮ್ಮ ಮೈ ಹೊಂದಲೇಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಿದ್ದಿರಂತೆ. ನಮ್ಮಲ್ಲಿ ಕಾಲು ಉದ್ದವಾದರೆ ಕಾಲಿನದೇ ಅಪರಾಧ.

ನನ್ನ ಮಗಳು ಮಾದೇವಿಯ ಬೆನ್ನು ಹುಟ್ಟಿನಿಂದಲೇ ಗೂನು. ಯಂತ್ರ ಅವಳನ್ನು ಅಳೆದು, ಇಂಥ ಮೈ ಇಲ್ಲ ಎಂದಿತು. ಇಲ್ಲವಂತೆ! ಕಣ್ಣೆದುರೇ ಮೂಗು ಒರೆಸಿಕೊಳ್ಳುತ್ತ ನಿಂತ ಮಗು ಇಲ್ಲವಂತೆ! ಎರಡು ಹಳೆಯ ಉಡುಗೆ ಸೇರಿಸಿ ನಾನೇ ಹೊಲಿದೆ. ಹೊಲಿಗೆಯ ಸಂದಿನಲ್ಲಿ ಬಿಸಿ ನುಗ್ಗಿ ಅವಳ ಕತ್ತೆಲ್ಲ ಬೊಬ್ಬೆಯೆದ್ದಿತು. ಸರಿಯಾಗಿ ಹೊಲಿಯುವುದನ್ನು ಕಲಿಸಲು ಈಗ ಯಾರೂ ಉಳಿದಿಲ್ಲ. ಬರುವ ತಿಂಗಳು ನೀರು ಮುಗಿದು ಊರೆಲ್ಲ ಬೆಟ್ಟದ ಕಡೆಗೆ ಹೊರಡುತ್ತದೆ. ಅವಳು ಹೊರಡಲಾರಳು.

ನೆರಳುಮೈ ಹುಟ್ಟಿದ ದಿನದ ದೃಶ್ಯ ಯಂತ್ರದ ನೆನಪಿನಲ್ಲಿದೆ, ನೋಡಿದೆ. ಅಳೆಯುವ ಕ್ಯಾಮೆರಾ ಎದುರು ನಿಮ್ಮ ಹೆಂಗಸರು ಮದುವೆ ಫೋಟೋಗೆ ನಿಂತಂತೆ ಉಸಿರು ಬಿಗಿಹಿಡಿದು ಸೆಟೆದು ನಿಂತಿದ್ದರು. ಸಾಲಿನಲ್ಲಿ ಗೂನುಬೆನ್ನಿನ ಟೈಲರ್ ಪುಟ್ಟಸಿದ್ದಮ್ಮನೂ ಇದ್ದಳು. "ಅಕ್ಕೋ, ನೀನ್ ಪಕ್ಕುಕ್ ಬಾ, ಅಳ್ತೆ ಕೆಡ್ತದೆ" ಎಂದ ಸೂಪರ್‌ವೈಸರ್. "ಆಯ್ತು ಬುಡಪ್ಪ, ನನ್ ಬೆನ್ ಕಟ್ಕಂಡು ಮಿಸಿನ್‌ಗೇನಾಗ್ಬೇಕು" ಎಂದು ಆಕೆಯೇ ನಕ್ಕಳು. ಎಲ್ಲರೂ ನಕ್ಕರು. ಯಾರ ಮನಸ್ಸೂ ಕೆಟ್ಟದಿರಲಿಲ್ಲ. ನನಗೆ ಸಿಟ್ಟು ಬರುವುದೇ ಅದಕ್ಕೆ.

ಯಂತ್ರ ಬೇಡವೆಂದು ಹೇಳುತ್ತಿಲ್ಲ. ಬಟ್ಟೆ ಪೋಲಾಗದು, ಕೆಲಸ ಬೇಗ ಮುಗಿಯುತ್ತದೆ ಎಂದು ನೀವು ಹಿಗ್ಗಿದ್ದು ಸರಿಯೇ. ಈ ಪತ್ರ ತಲುಪುವಾಗ ಅಳತೆಯ ಆ ದಿನ ನಿಮಗಿನ್ನೂ ಬಂದಿರದಿದ್ದರೆ, ಪುಟ್ಟಸಿದ್ದಮ್ಮನನ್ನು ಸಾಲಿನಿಂದ ಕಳಿಸಬೇಡಿ. ಬಾಗಿದ್ದಂತೆಯೇ ಅಳೆಯಿರಿ. ಕೈಮುಗಿದು ಕೇಳುತ್ತೇನೆ.

ನಿನ್ನೆ ಮಾದೇವಿ ಗೋಡೆಗೆ ಬೆನ್ನು ಒತ್ತಿ ಒತ್ತಿ ನಿಲ್ಲುತ್ತಿದ್ದಳು. ಏನು ಮಗಾ ಎಂದೆ.

"ನೆಟ್ಟುಗಾಯ್ತಾ ಇವ್ನಿ ಕಣವ್ವ. ನನ್ ಬುಟ್ಟೋಗ್ಬ್ಯಾಡ."