ಗೋಡೆಗೆ ಒರಗಿಸಿದ್ದ ಮಂಚ

ಅಪ್ಪಾ,

ತೀರಿಕೊಂಡವರಿಗೆ ಪತ್ರ ತಲುಪದೆಂದು ಗೊತ್ತು, ಆದರೂ ಮೊದಲ ವರದಿ ನಿನಗೇ. ನಮ್ಮ ಮನೆ ಹರಾಜಾಗುವುದಿಲ್ಲ.

ಇಂದು ಬೆಳಿಗ್ಗೆ, ನೀನು ಸಾಲ ಪಡೆದಿದ್ದ ಹಿರಿಯೂರಿನ ಫೈನಾನ್ಸ್ ಕಚೇರಿಗೆ ನನ್ನೊಂದಿಗೆ ಇಡೀ ಬೀದಿಯೇ ಬಂತು. ‘ಸಾಲ ಅಪರಾಧವಲ್ಲ’ ಎಂಬ ಕರಪತ್ರವನ್ನು ಗಟ್ಟಿಯಾಗಿ ಓದಿದೆ. ಮ್ಯಾನೇಜರ್ ನಕ್ಕ.

"ಭಾಷಣ ಸಾಕಮ್ಮ, ಬಾಕಿ ಕಂತು ಯಾರು ಕಟ್ತಾರೆ?"

ಸೊಪ್ಪು ಮಾರುವ ಏಕಾಂತಮ್ಮ ಮಹಿಳಾ ಸಂಘದ ಹಣವನ್ನು ಮೇಜಿನ ಮೇಲಿಟ್ಟರು. "ನಾವು ಕಟ್ತೀವಿ. ನಗೋದು ಆಮೇಲೈತೆ, ಮೊದ್ಲು ರಸೀದಿ ಕೊಡ್ರಿ."

ಫೈನಾನ್ಸಿನವರು ಹರಾಜು ಕೈಬಿಟ್ಟಿದ್ದೇವೆಂದು ಬರೆದುಕೊಟ್ಟರು. ಮುಂದಿನ ಕಂತುಗಳನ್ನೂ ಇಳಿಸಿದರು.

ಅವರು ನಮ್ಮ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದಿದ್ದ ‘ಈ ಮನೆ ಹರಾಜಿಗಿದೆ’ ಎಂಬುದಕ್ಕೆ ಈಗಷ್ಟೇ ಸುಣ್ಣ ಬಳಿದೆ. ಬೀದಿಯವರಿಗೆ ಆ ಅಕ್ಷರ ಕಾಣಬಾರದೆಂದು ನೀನು ಅಡ್ಡಲಾಗಿ ಒರಗಿಸಿಟ್ಟಿದ್ದ ಮಂಚವನ್ನು ಅಂಗಳಕ್ಕೆ ಎಳೆದು ಹಾಕಿದ್ದೇನೆ. ಅದೇ ಬೀದಿಯವರು ಈಗ ಅದರ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದಾರೆ.