ಕಾಯುತ್ತಿಲ್ಲ ಎಂದರೆ ಕಳಿಸಿಕೊಡುತ್ತೀರಂತೆ

ಜೈಲು ಇಲಾಖೆಯ ಮಾನ್ಯ ಮುಖ್ಯಾಧಿಕಾರಿಗಳೇ,

ಈಗ ಸಂಜೆ ಆರು ಗಂಟೆ. ಬೆಳಿಗ್ಗೆ ಒಂದು ಟೋಪಿಯ ಕಸೂತಿ ಮುಗಿಸಿದೆ. ಮಧ್ಯಾಹ್ನ ತಂದೂರಿಗೆ ಬೆಂಕಿ ಹಾಕಿದೆ. ರೊಟ್ಟಿ ಬೇಯುವ ಹೊತ್ತಿಗೆ ನಮ್ಮ ಮೊಹಲ್ಲಾ ಸಮಿತಿಯ ಅಧ್ಯಕ್ಷರು ತಮ್ಮ ಇಲಾಖೆಯ ಮಾತು ಹೊತ್ತು ಬಂದರು. ನನ್ನ ಗಂಡ ಉಬೈದುಲ್ಲೊ ಅವರಿಗೆ ಈ ಸಲದ ಕ್ಷಮಾದಾನ ಸಿಗಬೇಕಾದರೆ, ನಾಳೆ ಮೊಹಲ್ಲಾದ ಸಭೆಯಲ್ಲಿ ನಾನು ಎದ್ದು ನಿಂತು, ‘ಅವನು ದಾರಿ ತಪ್ಪಿದವನು, ನಾನು ಅವನಿಗಾಗಿ ಕಾಯುತ್ತಿಲ್ಲ’ ಎನ್ನಬೇಕಂತೆ. ಕಾಯುತ್ತಿಲ್ಲ ಎಂದರೆ ಮನೆಗೆ ಕಳಿಸುತ್ತೀರಿ. ಕಾಯುತ್ತೇನೆ ಎಂದರೆ ಅಲ್ಲೇ ಇಟ್ಟುಕೊಳ್ಳುತ್ತೀರಿ. ನಾನು ಓದಿದ್ದು ಎಂಟನೇ ತರಗತಿ. ಈ ನ್ಯಾಯ ನನ್ನ ತಲೆಗೆ ಹತ್ತಲಿಲ್ಲ. ಹೊರದೇಶದಲ್ಲಿರುವ ನನ್ನ ತಮ್ಮ ಈ ಪತ್ರವನ್ನು ಪತ್ರಿಕೆಗೆ ಕೊಡುತ್ತಾನೆ. ಅಂಟಿಸಿ ಕಳಿಸಿದ ಪತ್ರವನ್ನೂ ತಮ್ಮವರು ಒಡೆದು ಓದುವುದರಿಂದ, ತೆರೆದೇ ಕಳಿಸಿದರೆ ಎಲ್ಲರಿಗೂ ಅನುಕೂಲ.

ನಮ್ಮ ಊರು ಚುಸ್ತಿನಲ್ಲಿ ಚಾಕು ಮಾಡುವುದು ನನ್ನ ಗಂಡನ ಕಸುಬು. ಹಿಡಿಯಲು ಬಂದ ದಿನ ತಮ್ಮ ಜನ ಕುಲುಮೆಯನ್ನೆಲ್ಲ ತಡಕಿದರು. ಗೋಡೆಯ ತುಂಬ ಚಾಕುಗಳು ತೂಗುತ್ತಿದ್ದವು. ಒಬ್ಬರು ಅದರಲ್ಲೊಂದನ್ನು ಬೆರಳಿಂದ ಸವರಿ, “ಒಳ್ಳೇ ಹರಿತ ಇದೆ” ಎಂದು ಜೇಬಿಗಿಳಿಸಿದರು. ಅಪಾಯಕಾರಿ ವಸ್ತುವೆಂದು ವಶಪಡಿಸಿಕೊಂಡದ್ದು ಮಾತ್ರ ಕುರಾನನ್ನು. ನಮ್ಮ ಬೀದಿಯ ಮಕ್ಕಳಿಗೆ ನನ್ನ ಗಂಡ ಸಂಜೆ ಹೊತ್ತು ನಮಾಜು ಕಲಿಸುತ್ತಿದ್ದರು. ಸರ್ಕಾರ ಒಪ್ಪಿದ ಮಸೀದಿಯಲ್ಲಲ್ಲ, ನಮ್ಮ ಜಗಲಿಯ ಮೇಲೆ. ಜಗಲಿಗೆ ಪರವಾನಗಿ ಇರಲಿಲ್ಲ. ಏಳು ವರ್ಷ ಕೊಟ್ಟರು.

ಅವರನ್ನು ಎಬ್ಬಿಸಿಕೊಂಡು ಹೋದದ್ದು ಬೆಳಗಿನ ಚಹಾದ ಹೊತ್ತಿನಲ್ಲಿ. ಒಂದೇ ಒಂದು ಸಲ ಕಚ್ಚಿದ ರೊಟ್ಟಿ ಕೈಯಲ್ಲಿತ್ತು; ಅದನ್ನು ನನ್ನ ಕೈಗಿಟ್ಟು ಹೋದರು. ದೂರ ಹೋಗುವವರು ಕಚ್ಚಿಟ್ಟ ರೊಟ್ಟಿಯನ್ನು ಗೋಡೆಗೆ ತೂಗುಹಾಕುತ್ತೇವೆ, ಮರಳಿ ಬಂದು ಅವರೇ ತಿಂದು ಮುಗಿಸಲಿ ಎಂದು. ತಾವು ಸೈನ್ಯಕ್ಕೆ ಹೋದಾಗ ತಮ್ಮ ತಾಯಿಯೂ ತೂಗುಹಾಕಿದ್ದಿರಬೇಕು. ನಾನೂ ಹಾಕಿದೆ.

ಹೋದ ವಸಂತದಲ್ಲಿ ಏಳು ವರ್ಷ ಮುಗಿಯಿತು. ಹೊಸ ಅಂಗಿ ಹಿಡಿದುಕೊಂಡು ಜೈಲಿನ ಬಾಗಿಲಲ್ಲಿ ನಿಂತೆ. ಇನ್ನೂ ಮೂರು ವರ್ಷ ಸೇರಿಸಿದ್ದೇವೆ ಎಂದರು. ಕಾರಣ, ಊಟಕ್ಕೆ ಮುಂಚೆ ತುಟಿ ಅಲ್ಲಾಡಿಸಿದ್ದು. ಬಿಸ್ಮಿಲ್ಲಾ ಎಂದಿರಬಹುದು. ಬಿಸಿ ಸಾರನ್ನು ಊದಿರಲೂಬಹುದು. ತುಟಿ ಅಲ್ಲಾಡದ ಹಾಗೆ ಉಣ್ಣುವ ವಿದ್ಯೆ ತಮ್ಮ ಇಲಾಖೆಯಲ್ಲಿ ಯಾರಿಗಾದರೂ ಬರುತ್ತದೆಯೇ? ಬರುವುದಾದರೆ ಕೈದಿಗಳಿಗೂ ಕಲಿಸಬಾರದೇ? ಅಲುಗಾಡದೆ ಸುಮ್ಮನೆ ಕೂತ ಇನ್ನೊಬ್ಬರಿಗೆ, ಮನಸ್ಸಿನಲ್ಲೇ ಪ್ರಾರ್ಥಿಸಿದರೆಂದು ಶಿಕ್ಷೆಯಾಯಿತಂತೆ.

ಚಳಿಗಾಲದಲ್ಲಿ ಒಂದು ಭೇಟಿ ಕೊಟ್ಟಿರಿ. ನಡುವೆ ಗಾಜು, ಈಚೆಗೊಂದು ಫೋನು, ಆಚೆಗೊಂದು. ಅವರು ಬಾಯಿಗೆ ಅಂಗೈ ಅಡ್ಡ ಹಿಡಿದೇ ಮಾತಾಡಿದರು.

“ರೊಟ್ಟಿ ಇನ್ನೂ ಇದೆಯಾ?”

“ಇದೆ, ಮುಹಯ್ಯೊನ ಅಪ್ಪಾ” ಎಂದೆ. ಅವರನ್ನು ಮಗಳ ಹೆಸರು ಹಿಡಿದೇ ಕರೆಯುತ್ತೇನೆ.

“ಕಲ್ಲಾಗಿರುತ್ತೆ. ನಂಗೀಗ ಮುಂದಿನ ಹಲ್ಲಿಲ್ಲ ಕಣೇ.”

“ಹೇಗೆ ಬಿದ್ದವು?”

ಹಿಂದೆ ನಿಂತಿದ್ದ ಕಾವಲುಗಾರನ ಕಡೆ ಒಮ್ಮೆ ನೋಡಿದರು. “ನಾನು ಬಿದ್ದೆ. ನನ್ನೊಬ್ಬನ್ನೇ ಯಾಕೆ ಬಿಡಬೇಕು ಅಂತ ಅವೂ ಬಿದ್ದವು.”

“ಚಹಾದಲ್ಲಿ ನೆನೆಸಿ ಕೊಡ್ತೀನಿ.”

“ಹಾಗಾದ್ರೆ ಇಳಿಸ್ಬೇಡ, ಇಟ್ಟಿರು” ಎಂದು ನಕ್ಕರು. ಈ ವರ್ಷಗಳಲ್ಲಿ ಅವರು ನನ್ನಿಂದ ಕೇಳಿರುವುದು ಅದೊಂದನ್ನೇ.

ಇವತ್ತು ಅಧ್ಯಕ್ಷರು ಒಳಗೆ ಬಂದವರೇ ಗೋಡೆ ನೋಡಿದರು. “ಏನ್ ತಂಗೀ, ಇದಿನ್ನೂ ತೂಗಾಡ್ತಿದೆಯಲ್ಲ! ನಿನ್ನ ಗಂಡ ಏನು ಗಡಿಗೆ ಹೋಗಿದಾನಾ? ಪದಕ ತರ್ತಾನಾ?”

“ಪದಕ ಬೇಡ ಅಣ್ಣ, ಅವ್ರು ಬಂದ್ರೆ ಸಾಕು.”

“ನೋಡು, ಈ ಮಾತೇ ಬೇಡ ಅನ್ನೋದು. ‘ಕುಟುಂಬ ಇನ್ನೂ ನಿರೀಕ್ಷೆಯಲ್ಲಿದೆ’ ಅಂತ ಮೇಲೆ ವರದಿ ಹೋಗಿದೆ. ನಿರೀಕ್ಷೆ ಇರೋ ಮನೆಗೆ ಹೇಗಮ್ಮ ಕಳಿಸ್ತಾರೆ?” ಆಮೇಲೆ ಬಿಸಿ ರೊಟ್ಟಿ ಮುರಿಯುತ್ತ ದನಿ ತಗ್ಗಿಸಿದರು. “ಎರಡು ಮಾತು ಅಂದ್ಬಿಡು ತಾಯಿ. ನೀನು ಹೇಳ್ಲಿಲ್ಲ ಅಂದ್ರೆ ನನ್ನನ್ನೂ ಕರೆಸ್ತಾರೆ.” ಕೆಟ್ಟ ಮನುಷ್ಯರಲ್ಲ. ಅವರ ಮೊಮ್ಮಗನೂ ನಮ್ಮ ಜಗಲಿಯ ಮೇಲೇ ನಮಾಜು ಕಲಿತವನು.

ಅವರು ಹೋದ ಮೇಲೆ ಮಗಳು ಮುಹಯ್ಯೊ ಹತ್ತಿರ ಬಂದು ಕೂತಳು. “ಹೇಳಿಬಿಡಮ್ಮ. ನಾಲಿಗೆಗೇನು ಎಲುಬಿದ್ಯಾ? ಅಪ್ಪ ಬಂದ್ಮೇಲೆ ಸುಳ್ಳು ಹೇಳ್ದೆ ಅಂದ್ರಾಯ್ತು.”

“ಮಖ್ಫಿರತ್ ಅತ್ತೆ ಹೇಳಿದ್ಲಲ್ಲ, ಏನಾಯ್ತು?”

ಪಕ್ಕದ ಬೀದಿಯ ಮಖ್ಫಿರತ್ ಎರಡು ವರ್ಷದ ಹಿಂದೆ ಇದೇ ಸಭೆಯಲ್ಲಿ ಇದೇ ಮಾತು ಆಡಿದಳು. ಅದನ್ನು ಧ್ವನಿಮುದ್ರಿಸಿ ಜೈಲಿನಲ್ಲಿ ಅವಳ ಗಂಡನಿಗೆ ಕೇಳಿಸಿದರು, ‘ನೋಡು, ನಿನ್ನ ಮನೆಯೂ ಬಾಗಿಲು ಹಾಕಿತು’ ಎಂದು. ಅಷ್ಟಾದರೂ ಅವಳ ಗಂಡ ಮನೆಗೆ ಬರಲಿಲ್ಲ. ಭೇಟಿ ಕೇಳಲು ಹೋದರೆ, ಕಾಯದವಳಿಗೆ ಭೇಟಿ ಯಾಕಮ್ಮ ಎಂದರು. ಈಗ ಅವಳು ಯಾರ ಮನೆಗೂ ಹೋಗುವುದಿಲ್ಲ. ಕುಡಿಯುವ ನೀರಿಗೂ ಕತ್ತಲಾದ ಮೇಲೆಯೇ ಹೊರಡುತ್ತಾಳೆ.

ಆದ್ದರಿಂದ ನಾಳೆ ನಾನು ಆ ಮಾತು ಆಡುವುದಿಲ್ಲ. ಕಾಯುತ್ತಿದ್ದೇನೆ ಎಂದೇ ಹೇಳುತ್ತೇನೆ. ಇದು ಧೈರ್ಯವೆಂದು ಯಾರೂ ತಿಳಿಯಬಾರದು. ಮಾತು ನನ್ನದು, ಏಟು ತಿನ್ನುವವರು ನನ್ನ ಗಂಡ. ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಸುಳ್ಳು ಹೇಳಿದರೂ ಅದು ಹೋಗಿ ಅವರಿಗೇ ತಗಲುತ್ತದೆ, ನಿಜ ಹೇಳಿದರೂ ಅವರಿಗೇ. ತಾವು ನನಗೆ ಬಿಟ್ಟುಕೊಟ್ಟಿರುವುದು ಯಾವುದರಿಂದ ಹೊಡೆಯಬೇಕು ಎಂಬ ಆಯ್ಕೆಯನ್ನು ಮಾತ್ರ.

ನಾನು ಕೇಳುತ್ತಿರುವುದು ಕ್ಷಮಾದಾನವಲ್ಲ. ಕ್ಷಮಿಸುವಂಥದ್ದನ್ನು ಅವರು ಮಾಡಿಲ್ಲ. ಕೊಟ್ಟ ಶಿಕ್ಷೆ ಮುಗಿದಿದೆ, ಬಿಡಿ. ತುಟಿಯ ಮೇಲೆ ಹೇರಿದ ಮೂರು ವರ್ಷವನ್ನು ರದ್ದುಮಾಡಿ. ಗಂಡನಿಗಾಗಿ ಕಾಯುವುದು ಯಾವ ಕಾನೂನಿನಲ್ಲಿ ಅಪರಾಧವೆಂದು ಹೇಳಿ. ಹಾಗೊಂದು ಕಾನೂನು ಇದ್ದರೆ ಬಂದು ನನ್ನನ್ನೇ ಹಿಡಿಯಿರಿ, ಅವರನ್ನು ಬಡಿಯಬೇಡಿ. ನಾಳೆ ನಾನಾಡುವ ಮಾತನ್ನು ಅವರಿಗೆ ಕೇಳಿಸುವುದಾದರೆ ಕತ್ತರಿಸದೆ ಪೂರ್ತಿ ಕೇಳಿಸಿ.

ಸಭೆ ಬೆಳಿಗ್ಗೆ ಹತ್ತಕ್ಕೆ, ಶಾಲೆಯ ಅಂಗಳದಲ್ಲಿ. ಮೂವರು ಹೆಂಗಸರು ಮಾತಾಡಬೇಕು. ಮೊದಲು ನನ್ನನ್ನು ಕರೆಯುತ್ತಾರೆ.

ಇಂತಿ,
ತಮ್ಮ ವರದಿಯ ಪ್ರಕಾರ ಇನ್ನೂ ನಿರೀಕ್ಷೆಯಲ್ಲಿರುವ
ತೊಜಿನಿಸೊ, ಚುಸ್ತ್