ತಿಳಿಯಾಗದ ನೀರು

ವಡ್ಡು, ಸಂಡೂರು ತಾಲ್ಲೂಕು
ಭಾನುವಾರ, ೯-೬-೨೦೨೪

ಪ್ರೀತಿಯ ಸುಷ್ಮಿತಾಳ ಅಪ್ಪನಿಗೆ, ನಿಮ್ಮ ಸುಮಾ ಮಾಡುವ ನಮಸ್ಕಾರಗಳು.

ಹೇಗಿದ್ದೀರಿ? ಬೆನ್ನುನೋವು ಇಳಿಯಿತೇ? ಇಡೀ ಪಾಳಿ ಹಿಟಾಚಿಯ ಮೇಲೆ ಕೂತು ಕುಲುಕಿಸಿಕೊಂಡರೆ ಎಂಥ ಬೆನ್ನಾದರೂ ಏನಾಗಬೇಕು. ಒಡಿಶಾದ ಆ ಗಣಿ ಕ್ಯಾಂಪಿನಲ್ಲಿ ಮೂರು ಹೊತ್ತೂ ಅನ್ನ ತಿಂದು ಸಾಕಾಗಿದೆ ಎಂದಿದ್ದಿರಿ. ರೊಟ್ಟಿ, ಶೇಂಗಾ ಚಟ್ನಿ ಕಳಿಸೋಣವೆಂದು ಆ ಕಡೆ ಹೊರಟವರನ್ನು ಹುಡುಕುತ್ತಲೇ ಇದ್ದೇನೆ, ಯಾರೂ ಸಿಕ್ಕಿಲ್ಲ. ಪತ್ರ ನೋಡಿ ಗಾಬರಿಯಾಗಬೇಡಿ. ಫೋನಿನಲ್ಲಿ ಮಾತಾಡೋಣವೆಂದರೆ ಅತ್ತೆ ಸ್ಪೀಕರ್ ಹಾಕಿಸಿಕೊಂಡು ಪಕ್ಕದಲ್ಲೇ ಕೂರುತ್ತಾರೆ. ನಾನು ಮನೆಯ ಮಾತು ಎತ್ತಿದ ಕೂಡಲೇ ನಿಮಗೆ ರೇಂಜ್ ಹೋಗುತ್ತದೆ. ಕಾಗದಕ್ಕೆ ರೇಂಜ್ ಬೇಕಾಗಿಲ್ಲ. ಕವರಿನ ಮೇಲೆ ನಿಮ್ಮ ಹೆಸರು ಬರೆಯಲು ನನಗೆ ಕೈ ಏಳದೆ ಸುಷ್ಮಿತಾಳಿಂದ ಬರೆಸಿದೆ. "ನಮ್ಮವ್ವಗ ಅಪ್ಪನ ಹೆಸರ ಗೊತ್ತಿಲ್ಲ" ಎಂದು ಓಣಿ ತುಂಬ ಹೇಳಿಕೊಂಡು ಬಂದಳು.

ಮಾವನವರ ಆರೋಗ್ಯ ಸರಿಯಿಲ್ಲ. ಫೋನಿನಲ್ಲಿ ನಿಮಗೆ "ಆರಾಮ ಅದೀನಿ" ಎನ್ನುತ್ತಾರಲ್ಲ, ಅದು ಸುಳ್ಳು. ಲಾರಿಗೆ ಅದಿರು ತುಂಬಿದ ವರ್ಷಗಳೆಲ್ಲ ಈಗ ಎದೆಯಲ್ಲಿ ಕೂತಿವೆ. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಕಂಬ ಹಿಡಿದು ನಿಲ್ಲುತ್ತಾರೆ. ಬಳ್ಳಾರಿಯ ಡಾಕ್ಟರು ತಪ್ಪದೆ ಬರಬೇಕು ಎಂದಿದ್ದಾರೆ, ಆದರೆ ಹೋಗುವುದು ಹೇಗೆ? ಹೋದ ಸಲ ಬಸ್ಸಿನಲ್ಲಿ ಕರೆದೊಯ್ದೆ. ಕಿಟಕಿ ತೆರೆದರೆ ಅದಿರು ಲಾರಿಗಳ ಧೂಳು, ಮುಚ್ಚಿದರೆ ಉಸಿರು ಕಟ್ಟುತ್ತದೆ. ಕೆಮ್ಮು ಶುರುವಾದಾಗ ಪಕ್ಕದ ಹೆಂಗಸು ಮೂಗಿಗೆ ಸೆರಗು ಹಿಡಿದು ಎದ್ದು ಹೋದಳು. ಮಾವ ನಾಚಿಕೆಪಟ್ಟು ನಡುದಾರಿಯಲ್ಲೇ ಇಳಿದುಬಿಟ್ಟರು. ರಸ್ತೆ ಬದಿಯ ಕಲ್ಲಿನ ಮೇಲೆ ಕೂತು, "ಮನೀಗೆ ನಡಿಯವ್ವಾ, ಸಾಯೋದಾದ್ರ ಅಲ್ಲೇ ಸಾಯ್ತೀನಿ" ಎಂದರು. ಅಂದಿನಿಂದ ಡಾಕ್ಟರ ಮುಖ ನೋಡಿಲ್ಲ. ಮನೆ ಬಾಗಿಲಿಗೆ ಒಂದು ಗಾಡಿ ಇದ್ದರೆ ಅವರು ಇನ್ನಷ್ಟು ದಿನ ಉಳಿಯುತ್ತಾರೆ, ಇಲ್ಲದಿದ್ದರೆ ಇಲ್ಲ. ಹೆದರಿಸಲು ಬರೆಯುತ್ತಿಲ್ಲ, ಇದ್ದದ್ದನ್ನು ಬರೆಯುತ್ತಿದ್ದೇನೆ.

ಅದಕ್ಕೇ ಹೊಸಪೇಟೆಯ ಗ್ಯಾರೇಜಿನಲ್ಲಿರುವ ನನ್ನ ತಮ್ಮ ಹನುಮೇಶನಿಗೆ ಹೇಳಿಟ್ಟಿದ್ದೆ. ಕಡ್ಡಿರಾಂಪುರದಲ್ಲಿ ಹೋಂಸ್ಟೇ ನಡೆಸುವ ಜಂಬುನಾಥ್ ಎಂಬವರು ಒಂದು ಓಮ್ನಿ ಮಾರುತ್ತಾರೆ ಎಂದ. ರೇಟು ಕೇಳಿ ನನಗೇ ಅನುಮಾನ ಬಂತು. ಆ ದುಡ್ಡಿಗೆ ಈಗ ಹಳೆಯ ಬೈಕ್ ಕೂಡ ನೆಟ್ಟಗಿರುವುದು ಸಿಗುವುದಿಲ್ಲ. ಇಬ್ಬರೂ ಹೋಗಿ ನೋಡಿದೆವು. ಬೇವಿನ ಮರದ ಕೆಳಗೆ ಬಹಳ ದಿನದಿಂದ ನಿಂತೇ ಇದ್ದ ಗಾಡಿ. ಹನುಮೇಶ ಮುಂದಿನ ಸೀಟು ಎತ್ತಿ ಇಂಜಿನ್ ನೋಡಿದ, ಕೆಳಗೆ ಮಲಗಿ ತಳ ನೋಡಿದ, ಮೂತಿಯ ಮೇಲೆಲ್ಲ ಬೆರಳಿನಿಂದ ಬಡಿದು ಬಡಿದು ಕಿವಿಗೊಟ್ಟ. "ಅಕ್ಕಾ, ಇದರ ಮೂತಿ ಕಂಪನಿಯಿಂದ ಬಂದಾಂಗ ಐತಿ. ಎಲ್ಲೂ ಗುದ್ದಿಲ್ಲ, ಪುಟ್ಟಿ ಮೆತ್ತಿಲ್ಲ, ಪೇಂಟ್ ಹೊಡ್ದಿಲ್ಲ. ಕಣ್ಣು ಮುಚ್ಚಿ ತಗೋ" ಎಂದ. ಜಂಬುನಾಥ್ ಕಡಿಮೆ ಮಾತಿನ ಮನುಷ್ಯ. ಯಾಕೆ ಮಾರುತ್ತೀರಿ ಎಂದು ಕೇಳಿದ್ದಕ್ಕೆ "ಮನ್ಯಾಗ ಯಾರೂ ಅದರಾಗ ಕುಂದ್ರವಲ್ರು" ಎಂದಷ್ಟೇ ಹೇಳಿ, ನಾಲ್ಕು ದಿನ ಇಟ್ಟುಕೊಂಡು ಓಡಿಸಿ ನೋಡಿ ಎಂದು ಬೀಗದ ಕೈ ಕೊಟ್ಟರು. ಓಡಿಸುವವರು ಯಾರು ಎಂದು ನೀವು ಕೇಳುತ್ತೀರಿ. ನಾನೇ ಕಲಿಯುತ್ತೇನೆ. ನಗಬೇಡಿ, ಹಿಟಾಚಿ ಓಡಿಸುವವರನ್ನು ಇಷ್ಟು ವರ್ಷ ಸಂಭಾಳಿಸಿದವಳಿಗೆ ಓಮ್ನಿ ಯಾವ ಲೆಕ್ಕ?

ಒಂದೇ ತೊಡಕು, ಗಾಡಿಯ ಬಣ್ಣ ಬಿಳಿ. ನಿಮ್ಮ ತಮ್ಮ ಯಲ್ಲೇಶನನ್ನು ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿ ಹೋದದ್ದು ಬಿಳಿ ಗಾಡಿ ಎಂದು ವಾಚ್‌ಮನ್ ಹೇಳಿದಂದಿನಿಂದ, ಅತ್ತೆ ಬಿಳಿ ಗಾಡಿ ಕಂಡರೆ ಮಣ್ಣು ತೂರುತ್ತಾರೆ. "ನನ್ನ ಮಗನ್ನ ಹೊಡದು, ಹೆಣ ಒಗದು ಓಡಿ ಹೋದ, ಅವನ ಮನಿ ಹಾಳಾಗ" ಎಂದು ಶಪಿಸುತ್ತಾರೆ. ನೀವೂ ಅದೇ ಮಾತು ಹೇಳುತ್ತ, ಅವನ ದಿನಕರ್ಮ ಮುಗಿದ ಮರುದಿನವೇ ರೈಲು ಹತ್ತಿದವರು. ದಸರೆಗೆ ಬರಲಿಲ್ಲ, ಯುಗಾದಿಗೂ ಬರಲಿಲ್ಲ. ಊರಿಗೆ ಬಂದರೆ ಅವನು ಬಿದ್ದ ಆ ರಸ್ತೆ ದಾಟಬೇಕಲ್ಲ, ನನಗೆ ಗೊತ್ತಿದೆ. ಆದರೆ ನಮ್ಮ ಸಂಡೂರಿನ ಪುಣ್ಯ ನೋಡಿ, ಇಲ್ಲಿ ಬಿಳಿ ಎಂಬುದು ಒಂದು ದಿನವೂ ಬಿಳಿಯಾಗಿ ಉಳಿಯುವುದಿಲ್ಲ. ಹನುಮೇಶ ಅದಿರು ಲಾರಿಗಳ ಹಿಂದೆ ಓಡಿಸಿಕೊಂಡು ವಡ್ಡಿಗೆ ಬರುವಷ್ಟರಲ್ಲಿ ಓಮ್ನಿ ಕೆಂಪಾಗಿತ್ತು. ಅತ್ತೆ ಅಂಗಳದಲ್ಲಿ ನಿಂತು ಅದರ ಸುತ್ತ ಒಂದು ಸಲ ತಿರುಗಿ, "ಬಣ್ಣ ಚಲೋ ಆರಿಸೀರಿ, ಧೂಳು ಕುಂತ್ರೂ ಕಾಣಂಗಿಲ್ಲ" ಎಂದರು. ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಗಾಡಿಯ ಹೊರಮೈಗೆ ನಾನು ನೀರು ಮುಟ್ಟಿಸಲೇ ಇಲ್ಲ.

ಒಳಗಾದರೂ ಚೊಕ್ಕ ಮಾಡೋಣ, ಮಾವ ಮಲಗಿಕೊಂಡು ಹೋಗುವ ಜಾಗ ಎಂದು ಹಿಂದಿನ ಸೀಟು ಬಿಚ್ಚಿದೆ. ಮೇಲೆ ಹೊಸ ರೆಕ್ಸಿನ್ ಕವರ್ ಇತ್ತು, ಅದರಡಿ ಹಳೆಯ ಬಟ್ಟೆಯ ಕವರ್. ಅದು ಒಂದು ಕಡೆ ಬಿರುಸಾಗಿ, ಕೆಂಪಗೆ ಕಟ್ಟಿಕೊಂಡಿತ್ತು. ನಮ್ಮೂರಲ್ಲಿ ಕೆಂಪು ಕಂಡರೆ ಯಾರು ಹೆದರುತ್ತಾರೆ? ಅದಿರಿನ ಧೂಳು ಎಂದುಕೊಂಡು ಬಕೆಟ್ಟಿನಲ್ಲಿ ನೆನೆಹಾಕಿದೆ. ನೀರು ಕೆಂಪಾಯಿತು, ಆಗಲೇಬೇಕು. ನಿಮ್ಮ ಅಂಗಿ ಪ್ಯಾಂಟು ಒಗೆದು ನನಗೆ ಗೊತ್ತಲ್ಲ, ಅದಿರು ಭಾರ. ಸ್ವಲ್ಪ ಹೊತ್ತು ಬಿಟ್ಟರೆ ತಳ ಸೇರುತ್ತದೆ, ಮೇಲಿನ ನೀರು ತಿಳಿಯಾಗುತ್ತದೆ, ಆ ತಿಳಿನೀರನ್ನೇ ಬಸಿದು ಇನ್ನೊಂದು ಬಟ್ಟೆಗೆ ಬಳಸುತ್ತೇವೆ. ನಾನು ರೊಟ್ಟಿ ಬಡಿದು ಮುಗಿಸಿ ಬಂದು ನೋಡಿದೆ. ತಳದಲ್ಲಿ ಏನೂ ಕೂತಿರಲಿಲ್ಲ. ನೀರು ಮೇಲಿನಿಂದ ಕೆಳಗಿನವರೆಗೂ ಹಾಗೇ ಕೆಂಪಗಿತ್ತು. ಕೈ ಅದ್ದಿ ಮೂಸಿದೆ. ಮಗು ಹೆತ್ತ ಹೆಂಗಸು ನಾನು, ಅದು ಏನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಕೆಟ್ಟಿನ ಮೇಲೆ ತಟ್ಟೆ ಮುಚ್ಚಿ ಹಿತ್ತಿಲ ಮೂಲೆಗೆ ಸರಿಸಿದೆ.

ನಿನ್ನೆ ಜಂಬುನಾಥ್ ಉತ್ತರ ಕೇಳಲು ಬಂದರು. ಅತ್ತೆ ರೇಷನ್ ತರಲು ಹೋಗಿದ್ದರು, ಮಾವ ಒಳಗೆ ಮಲಗಿದ್ದರು. ನಾನು ಅವರನ್ನು ಹಿತ್ತಿಲಿಗೆ ಕರೆದು ತಟ್ಟೆ ತೆಗೆದು ತೋರಿಸಿದೆ. ಒಗೆಯುವ ಕಲ್ಲಿನ ಮೇಲೆ ಕೂತು ಎಲ್ಲ ಹೇಳಿದರು. ಹೋದ ವರ್ಷ ಯಾವುದೋ ಲಾರಿ ಹೊಡೆದು ಹೋಗಿದ್ದ ಒಬ್ಬ ಹುಡುಗನನ್ನು ಗಂಡ ಹೆಂಡತಿ ಸೇರಿ ಗಾಡಿಗೆ ಎತ್ತಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದರಂತೆ. ಹುಡುಗ ಉಳಿಯಲಿಲ್ಲ. ಅಂದಿನಿಂದ ಹೆಂಡತಿ ಆ ಗಾಡಿ ಹತ್ತುವುದಿಲ್ಲವಂತೆ. ಯಾರ ಮಗನೋ. ನೀವು ಬೇರೆ ಏನೂ ಯೋಚಿಸಬೇಡಿ, ಆ ರಸ್ತೆಯಲ್ಲಿ ಬೀಳುವವರು ಒಬ್ಬರೇ ಇಬ್ಬರೇ? ಒಬ್ಬ ತಾಯಿಯ ಮಗ ಜೀವ ಬಿಟ್ಟ ಸೀಟಿನಲ್ಲಿ ಮಾವನನ್ನು ಮಲಗಿಸಿ ಡಾಕ್ಟರ ಹತ್ತಿರ ಒಯ್ಯಲು ನನಗೆ ಮನಸ್ಸಿಲ್ಲ. ಇಂಜಿನ್ ಚೆನ್ನಾಗಿದೆ, ರೇಟು ಕಡಿಮೆ, ಆದರೂ ಗಾಡಿ ಬೇಡ. ನಾಳೆ ಹನುಮೇಶ ವಾಪಸ್ ಬಿಟ್ಟು ಬರುತ್ತಾನೆ. ಮಾವನಿಗೆ ಬೇರೆ ದಾರಿ ನೋಡೋಣ. ಯಾವ ದಾರಿ ಎಂದು ಮಾತ್ರ ನನ್ನನ್ನು ಕೇಳಬೇಡಿ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಬೆನ್ನಿಗೆ ಎಣ್ಣೆ ಹಚ್ಚಿಸಿಕೊಳ್ಳಿ, ಕ್ಯಾಂಪಿನಲ್ಲಿ ಯಾರೊಂದಿಗೂ ಜಗಳ ಬೇಡ. ಅತ್ತೆ ಮಾವ ಆಶೀರ್ವಾದ ತಿಳಿಸಿದ್ದಾರೆ. ಸುಷ್ಮಿತಾ ನೀವು ಬರುವಾಗ ತರಬೇಕಾದದ್ದನ್ನೆಲ್ಲ ಹೇಳಿದ್ದಾಳೆ, ಬರೆದರೆ ಹಾಳೆ ಸಾಲುವುದಿಲ್ಲ. ಹುಲಿಗೆಮ್ಮ ನಿಮ್ಮನ್ನು ಕಾಯಲಿ.

ಇಂತಿ ನಿಮ್ಮ
ಸುಮಲತಾ

ಮತ್ತೆ: ಗೋಂದು ಹಚ್ಚಿದ ಕವರನ್ನು ಬಿಚ್ಚಿ ಬರೆಯುತ್ತಿದ್ದೇನೆ. ಮೇಲೆ "ಯಾರ ಮಗನೋ" ಎಂದದ್ದು ಸುಳ್ಳು. ಅದು ನಮ್ಮ ಯಲ್ಲೇಶ. ಗಾದಿಗನೂರಿನ ಹತ್ತಿರ, ಶ್ರಾವಣ ಸೋಮವಾರ. ಒಂದು ಕಾಲಿನಲ್ಲಿ ಬೂಟು ಇರಲಿಲ್ಲವಂತೆ. ದಾರಿಯುದ್ದಕ್ಕೂ "ಬೂಟ್ ಬಿತ್ರೀ, ನಮ್ಮಣ್ಣಂದು, ಬೈತಾನ" ಎನ್ನುತ್ತಿದ್ದನಂತೆ. ನೀವು ಗಣಿಯಿಂದ ತಂದುಕೊಟ್ಟ ಬೂಟು, ಮರುದಿನ ಹುಚ್ಚರಂತೆ ಗಟಾರದಲ್ಲೆಲ್ಲ ಕೈಹಾಕಿ ಹುಡುಕಿದಿರಲ್ಲ, ಅದೇ. ಕೇಳಿ ನಾನು ಬಾಯಿಗೆ ಸೆರಗು ತುರುಕಿಕೊಂಡೆ. ಪೊಲೀಸು, ಕೋರ್ಟು ಎಂದು ಹೆದರಿ ಹೆಸರೂ ಹೇಳದೆ ಓಡಿಹೋದದ್ದಕ್ಕೆ ಜಂಬುನಾಥರನ್ನು ಬಾಯಿಗೆ ಬಂದಂತೆ ಬೈದೆ. ತಲೆ ಎತ್ತಲಿಲ್ಲ, ಎಲ್ಲ ಬೈಸಿಕೊಂಡರು. ಆದರೆ ಹೊಡೆದವರು ಅವರಲ್ಲ, ಹನುಮೇಶ ಬಡಿದು ನೋಡಿದ ಆ ಮೂತಿಯೇ ಸಾಕ್ಷಿ. ಯಲ್ಲೇಶ ಅವರ ಹೆಂಡತಿ ಲಲಿತಾ ಎಂಬವರ ತೊಡೆಯ ಮೇಲೆ ತಲೆಯಿಟ್ಟು, ಅವರನ್ನೇ ಅವ್ವಾ ಎಂದು ಕರೆಯುತ್ತ ಹೋದ. ಯಾರೂ ಅವನನ್ನು ಹೊಡೆದು ತಂದು ಒಗೆದದ್ದಲ್ಲ. ಇದು ನಿಮಗೆ ಗೊತ್ತಾಗಬೇಕು.

ಈಗ ಆ ಗಾಡಿಯನ್ನು ಹೇಗೆ ವಾಪಸ್ ಕಳಿಸಲಿ? ನಾಳೆ ಬರಬೇಡ ಎಂದು ಹನುಮೇಶನಿಗೆ ಹೇಳಿದ್ದೇನೆ. ಅಂಗಳದಲ್ಲೇ ನಿಂತಿದೆ. ಮೊದಲ ಜೋರು ಮಳೆ ಬಿದ್ದರೆ ಧೂಳು ತೊಳೆದುಹೋಗಿ ಅದು ಬಿಳಿಯಾಗುತ್ತದೆ, ಅಷ್ಟರೊಳಗೆ ಅತ್ತೆಗೆ ಹೇಳಬೇಕು. ನನಗೆ ಬಾಯಿ ಬರುವುದಿಲ್ಲ. ನೀವು ಬನ್ನಿ. ಬಕೆಟ್ಟಿನ ನೀರನ್ನು ಇನ್ನೂ ಚೆಲ್ಲಿಲ್ಲ. ಎಲ್ಲಿ ಚೆಲ್ಲಬೇಕೆಂದು ನೀವೇ ಬಂದು ಹೇಳಿ.